ನ್ಯಾಯಾಧೀಶರ ಆಯ್ಕೆ ಮತ್ತು ಪೌರಹಕ್ಕುಗಳ ರಕ್ಷಣೆ

ಮಡಿಕೇರಿಗೆ ಸಮೀಪದ ಗಾಳಿಬೀಡು ಗ್ರಾಮದ ಕೃಷಿಕನೊಬ್ಬನಿಗೆ, ತನ್ನ ಬಾಣೆ ಜಮೀನಿನ ವಿಷಯದಲ್ಲಾಗಲಿ, 2018ರ ಆಗಸ್ಟ್ ತಿಂಗಳ ಭೂಕುಸಿತದಂಥ ವಿಪತ್ತಿನ ಬಳಿಕ ದೊರೆಯಬೇಕಾದ ಪರಿಹಾರದ ವಿಷಯದಲ್ಲಾಗಲಿ, ಸರ್ಕಾರದ ಆಜ್ಞೆಯೊಂದು ಅನ್ಯಾಯವೆಂದು ತೋರಿತೆನ್ನೋಣ. ವ್ಯಾಜ್ಯದ ಸ್ವರೂಪಕ್ಕೆ ಅನುಗುಣವಾಗಿ ಅವನು ಮಡಿಕೇರಿಯ ನ್ಯಾಯಾಲಯಕ್ಕೆ ಹೋಗಬಹುದು. ಬೆಂಗಳೂರಿನ ಉಚ್ಚ ನ್ಯಾಯಾಲಯಕ್ಕೆ ಹೋಗಬಹುದು. ಕಡೆಗೆ ದೆಹಲಿಯ ಸರ್ವೋಚ್ಚ ನ್ಯಾಯಾಲಯದವರೆಗೂ ಹೋಗಬೇಕಾಗಬಹುದು. ಈ ಮೂರು ಎಡೆಗಳಲ್ಲಿಯೂ ಅವನ ಎದುರುವಾದಿ ಸರ್ಕಾರವೇ. ಹೀಗಿರುವಾಗ, ತೀರ್ಪು ಕೊಡುವವರನ್ನು ಆ ಎದುರುವಾದಿಯೇ ತನ್ನ ಇಚ್ಛೆಯಂತೆ ಆರಿಸುವುದಾದರೆ ಆ ಕೃಷಿಕನ ಹಕ್ಕಿಗೆ ಬೆಲೆಯೇನು? ನ್ಯಾಯಾಧೀಶರ ಆಯ್ಕೆಯ ಪ್ರಶ್ನೆಯು ವಕೀಲರಿಗಷ್ಟೇ ಸಂಬಂಧಿಸಿದುದಲ್ಲವೆಂಬುದು ಇದರಿಂದ ವ್ಯಕ್ತವಾಗುತ್ತದೆ. ಆ ಪ್ರಶ್ನೆಯನ್ನು ಕನ್ನಡ ನಾಡಿಗೆ ನಿಕಟವಾದ ಕೆಲವು ನಿದರ್ಶನಗಳ ಮೂಲಕ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಕೊಡಗಿನ ಪೂರ್ವಚರಿತ್ರೆಯೇ ಈ ವಿಚಾರಕ್ಕೆ ತಕ್ಕ ಪೀಠಿಕೆಯಾಗಿದೆ. 1834ರಲ್ಲಿ ಈ ನಾಡು ಬ್ರಿಟಿಷರ ವಶವಾಯಿತು. ಹತ್ತೊಂಬತ್ತನೆಯ ಶತಮಾನದ ಆ ಆಡಳಿತದಲ್ಲಿ ಕಂದಾಯವನ್ನು ವಸೂಲು ಮಾಡುವ ಸುಬೇದಾರರೇ ನ್ಯಾಯವಿಚಾರಣೆಯ ಅಧಿಕಾರವನ್ನೂ ಹೊಂದಿದ್ದರು. ಸುಬೇದಾರನು ಎಷ್ಟೇ ಸಜ್ಜನನಾಗಿದ್ದರೂ, ಕಂದಾಯದ ಬಾಬತ್ತಿನಲ್ಲಿ ದೂರು ತಂದ ರೈತನಿಗೆ ಅವನು ನಿಷ್ಪಕ್ಷಪಾತಿಯಾಗಿ ಕಾಣುವುದು ಕಷ್ಟ. ಈ ದೋಷವನ್ನು ಮನಗಂಡೇ ನಮ್ಮ ಸಂವಿಧಾನದ 50ನೆಯ ಅನುಚ್ಛೇದವು ನ್ಯಾಯಾಂಗವನ್ನು ಕಾರ್ಯಾಂಗದಿಂದ ಬೇರ್ಪಡಿಸಬೇಕೆಂದು ನಿರ್ದೇಶಿಸಿತು. 1956ರ ನವೆಂಬರ್ 1ರಂದು ಕೊಡಗು ಮೈಸೂರು ರಾಜ್ಯದಲ್ಲಿ ಲೀನವಾಯಿತು.

ಕೆಳಗಿನ ಹಂತದ ನೇಮಕಗಳನ್ನು ಮೊದಲು ನೋಡೋಣ. 233ರಿಂದ 235ರವರೆಗಿನ ಅನುಚ್ಛೇದಗಳು ಇವಕ್ಕೆ ಆಧಾರ. ಜಿಲ್ಲಾ ನ್ಯಾಯಾಧೀಶರನ್ನು ರಾಜ್ಯಪಾಲರು ಉಚ್ಚ ನ್ಯಾಯಾಲಯದೊಡನೆ ಸಮಾಲೋಚಿಸಿ ನೇಮಿಸುತ್ತಾರೆ. ಸಿವಿಲ್ ನ್ಯಾಯಾಧೀಶರು ಸ್ಪರ್ಧಾತ್ಮಕ ಪರೀಕ್ಷೆಯ ಮೂಲಕ ಬರುತ್ತಾರೆ. ನೇಮಕವಾದ ಮೇಲೆ ಇವರ ಮೇಲಿನ ಹತೋಟಿ ಉಚ್ಚ ನ್ಯಾಯಾಲಯದ್ದು. ಅಂದರೆ ಮಡಿಕೇರಿಯ ಸಿವಿಲ್ ನ್ಯಾಯಾಧೀಶರ ವರ್ಗಾವಣೆಯು ಜಿಲ್ಲಾಧಿಕಾರಿಯ ಕೈಯಲ್ಲಾಗಲಿ ಮಂತ್ರಿಯ ಕೈಯಲ್ಲಾಗಲಿ ಇಲ್ಲ. ಇನ್ನು ಅರ್ಹತೆಯ ವಿಷಯ. ಈ ಪರೀಕ್ಷೆಗೆ ಕುಳಿತುಕೊಳ್ಳುವವರು ಕನಿಷ್ಠ ಮೂರು ವರ್ಷ ವಕೀಲಿ ನಡೆಸಿರಬೇಕೆಂಬ ನಿಯಮವನ್ನು ಸರ್ವೋಚ್ಚ ನ್ಯಾಯಾಲಯವು 2025ರ ಮೇ 20ರಂದು ಪುನಃ ಜಾರಿಗೆ ತಂದಿತು. ಪುಸ್ತಕಜ್ಞಾನವೊಂದೇ ಸಾಲದು, ಕಕ್ಷಿದಾರನ ಕಷ್ಟವನ್ನು ಹತ್ತಿರದಿಂದ ಕಂಡಿರಬೇಕು ಎಂಬುದು ಅದರ ಆಶಯ.

ಮೇಲಿನ ಹಂತದಲ್ಲಿ ಪರೀಕ್ಷೆಯಿಲ್ಲ. ಉಚ್ಚ ನ್ಯಾಯಾಲಯಕ್ಕೆ ನೇಮಕವಾಗುವವರು ಹತ್ತು ವರ್ಷ ನ್ಯಾಯಾಧೀಶರಾಗಿ ಇಲ್ಲವೆ ಉಚ್ಚ ನ್ಯಾಯಾಲಯದ ವಕೀಲರಾಗಿ ಇದ್ದಿರಬೇಕೆಂದು 217ನೆಯ ಅನುಚ್ಛೇದ ಹೇಳುತ್ತದೆ. ಸರ್ವೋಚ್ಚ ನ್ಯಾಯಾಲಯದ ಅರ್ಹತೆಗಳನ್ನು 124ನೆಯದು ಹೇಳುತ್ತದೆ. ಅನುಭವವನ್ನು ವರ್ಷಗಳಲ್ಲಿ ಎಣಿಸಬಹುದು. ನಿಷ್ಪಕ್ಷಪಾತವನ್ನೂ ನಿರ್ಭಯತೆಯನ್ನೂ ಹಾಗೆ ಎಣಿಸಲಾಗದು. ಆದುದರಿಂದಲೇ ಆರಿಸುವವರು ಯಾರು, ಯಾವ ಕ್ರಮದಿಂದ ಆರಿಸುತ್ತಾರೆ ಎಂಬುದು ಮುಖ್ಯವಾಗುತ್ತದೆ.

ಈ ಮಾತಿನ ಸತ್ಯವು 1973ರಲ್ಲಿ ಪ್ರಕಟವಾಯಿತು. ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತೀ ಸ್ವಾಮಿಗಳು ಕೇರಳದ ಭೂಸುಧಾರಣಾ ಶಾಸನವನ್ನು ಪ್ರಶ್ನಿಸಿ 1970ರಲ್ಲಿ ಹೂಡಿದ ಮೊಕದ್ದಮೆಯನ್ನು ಹದಿಮೂರು ನ್ಯಾಯಮೂರ್ತಿಗಳ ಪೀಠವು 68 ದಿನಗಳ ಕಾಲ ಆಲಿಸಿತು. ಸಂಸತ್ತು ಸಂವಿಧಾನವನ್ನು ತಿದ್ದಬಹುದು, ಆದರೆ ಅದರ ಮೂಲಸ್ವರೂಪವನ್ನು ಕೆಡಿಸಲಾಗದು ಎಂದು ಏಳು ಮಂದಿಯ ಬಹುಮತದ ತೀರ್ಪು ಏಪ್ರಿಲ್ 24ರಂದು ಹೊರಬಿದ್ದಿತು. ಮರುದಿನವೇ ಕೇಂದ್ರ ಸರ್ಕಾರವು, ಬಹುಮತದ ಕಡೆಗಿದ್ದ ಮೂವರು ಹಿರಿಯರಾದ ಜೆ. ಎಂ. ಶೆಲಟ್, ಕೆ. ಎಸ್. ಹೆಗ್ಡೆ, ಎ. ಎನ್. ಗ್ರೋವರ್ ಇವರನ್ನು ಬದಿಗಿಟ್ಟು, ಭಿನ್ನಮತ ನೀಡಿದ್ದ ಎ. ಎನ್. ರೇ ಅವರನ್ನು ಮುಖ್ಯ ನ್ಯಾಯಮೂರ್ತಿಯೆಂದು ಘೋಷಿಸಿತು. ಬದಿಗೊತ್ತಲ್ಪಟ್ಟ ಮೂವರೂ ರಾಜೀನಾಮೆಯಿತ್ತರು.

ಇವರಲ್ಲಿ ಕಾರ್ಕಳ ಸೀಮೆಯವರಾದ ಹೆಗ್ಡೆಯವರ ವೃತ್ತಾಂತವು ವಿಶೇಷ ಗಮನಕ್ಕೆ ಅರ್ಹವಾದುದು. ಅವರು 1952ರಿಂದ 1957ರವರೆಗೆ ರಾಜ್ಯಸಭೆಯಲ್ಲಿ ಕಾಂಗ್ರೆಸ್ ಸದಸ್ಯರಾಗಿದ್ದು, ಅಲ್ಲಿಂದ ಮೈಸೂರು ಉಚ್ಚ ನ್ಯಾಯಾಲಯಕ್ಕೆ ಬಂದವರು. ರಾಜಕೀಯದಿಂದ ಬಂದವರು ಸ್ವತಂತ್ರವಾಗಿ ವರ್ತಿಸಲಾರರೆಂದು ಯಾರಾದರೂ ಶಂಕಿಸಿದ್ದರೆ, 1973ರ ತೀರ್ಪು ಆ ಶಂಕೆಯನ್ನು ಪರಿಹರಿಸಿತು. ಮನುಷ್ಯನ ಪೂರ್ವಾಶ್ರಮವೊಂದೇ ಅವನ ನ್ಯಾಯಬುದ್ಧಿಯನ್ನು ನಿರ್ಣಯಿಸದು. ನೇಮಕವಾದ ಬಳಿಕ ಅವನಿಗೆ ಬಡ್ತಿಯ ಆಸೆಯನ್ನೂ ಶಿಕ್ಷೆಯ ಭಯವನ್ನೂ ಒಡ್ಡುವ ಅಧಿಕಾರ ಬೇರೊಬ್ಬರಲ್ಲಿ ಉಳಿದಿದೆಯೇ ಎಂಬುದೇ ಹೆಚ್ಚು ಮಹತ್ತ್ವದ ಪ್ರಶ್ನೆ.

ಆ ಭಯದ ಸ್ವರೂಪವು ಎರಡೇ ವರ್ಷಗಳಲ್ಲಿ ಇನ್ನಷ್ಟು ಸ್ಪಷ್ಟವಾಯಿತು. 1975ರ ಜೂನ್ ತಿಂಗಳಲ್ಲಿ ತುರ್ತು ಪರಿಸ್ಥಿತಿ ಘೋಷಿತವಾದಾಗ, ಬೆಂಗಳೂರಿಗೆ ಬಂದಿದ್ದ ಎ. ಬಿ. ವಾಜಪೇಯಿ, ಎಲ್. ಕೆ. ಅಡ್ವಾಣಿ, ಮಧು ದಂಡವತೆ ಮೊದಲಾದವರನ್ನು ಬಂಧಿಸಲಾಯಿತು. ಬಂಧನದ ಕ್ರಮಬದ್ಧತೆಯನ್ನು ಪ್ರಶ್ನಿಸುವ ಅವರ ಹೇಬಿಯಸ್ ಕಾರ್ಪಸ್ ಅರ್ಜಿಗಳು ವಿಚಾರಣೆಗೆ ಅರ್ಹವೆಂದು ಕರ್ನಾಟಕ ಉಚ್ಚ ನ್ಯಾಯಾಲಯವು ಹೇಳಿತು. ಬೇರೆ ಹಲವು ಉಚ್ಚ ನ್ಯಾಯಾಲಯಗಳ ಅಭಿಪ್ರಾಯವೂ ಹಾಗೆಯೇ ಇತ್ತು. 1976ರ ಏಪ್ರಿಲ್ 28ರಂದು ಸರ್ವೋಚ್ಚ ನ್ಯಾಯಾಲಯವು ನಾಲ್ಕು ಮತ್ತು ಒಂದರ ಬಹುಮತದಿಂದ ಈ ನಿಲುವನ್ನು ತಳ್ಳಿಹಾಕಿತು. ಅದೇ ವರ್ಷ ದೇಶದ ಹದಿನಾರು ಮಂದಿ ಉಚ್ಚ ನ್ಯಾಯಾಲಯದ ನ್ಯಾಯಮೂರ್ತಿಗಳನ್ನು ಬೇರೆ ರಾಜ್ಯಗಳಿಗೆ ವರ್ಗಾಯಿಸಲಾಯಿತು. ಅವರಲ್ಲಿ ಕರ್ನಾಟಕದ ಡಿ. ಎಂ. ಚಂದ್ರಶೇಖರ ಅವರನ್ನು ಅಲಹಾಬಾದಿಗೂ ಎಂ. ಸದಾನಂದಸ್ವಾಮಿಯವರನ್ನು ಗುವಾಹಟಿಗೂ ಕಳುಹಿಸಲಾಯಿತು. ಏಕಾಕಿಯಾಗಿ ಭಿನ್ನಮತ ನೀಡಿದ ಎಚ್. ಆರ್. ಖನ್ನಾ ಅವರಿಗೆ 1977ರಲ್ಲಿ ಮುಖ್ಯ ನ್ಯಾಯಮೂರ್ತಿಯ ಸ್ಥಾನ ತಪ್ಪಿತು. ಆ ಬಹುಮತದ ತೀರ್ಪನ್ನು ರದ್ದುಪಡಿಸಲು 2017ರ ಆಗಸ್ಟ್ 24ರವರೆಗೆ ಕಾಯಬೇಕಾಯಿತು. ಆ ಮೊಕದ್ದಮೆಯ ಅರ್ಜಿದಾರರು ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು. ಸೆರೆಯಲ್ಲಿದ್ದವರಿಗೆ ನಲವತ್ತೊಂದು ವರ್ಷ ತಡವಾಗಿ ಬಂದ ಈ ಪರಿಹಾರದಿಂದ ಏನೂ ದೊರೆಯಲಿಲ್ಲ. ಹಕ್ಕುಗಳ ರಕ್ಷಣೆ ಆಗಬೇಕಾದುದು ಅಪಾಯದ ಹೊತ್ತಿನಲ್ಲಿ. ಅದಕ್ಕೆ ಆ ಹೊತ್ತಿನಲ್ಲಿ ಪೀಠದ ಮೇಲೆ ಯೋಗ್ಯರಿರಬೇಕು.

ಈ ಅನುಭವಗಳ ನೆರಳಿನಲ್ಲಿಯೇ ಮುಂದಿನ ಬೆಳವಣಿಗೆಗಳನ್ನು ತಿಳಿಯಬೇಕು. 1981ರ ತೀರ್ಪು ನೇಮಕದಲ್ಲಿ ಸರ್ಕಾರದ ಮಾತಿಗೇ ಪ್ರಾಧಾನ್ಯವಿತ್ತಿತು. 1993ರಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠವು ಅದನ್ನು ತಿರುವುಮುರುವು ಮಾಡಿತು. 1998ರ ಅಭಿಪ್ರಾಯದ ಮೇರೆಗೆ ಸರ್ವೋಚ್ಚ ನ್ಯಾಯಾಲಯದ ನೇಮಕಗಳಿಗೆ ಮುಖ್ಯ ನ್ಯಾಯಮೂರ್ತಿ ಹಾಗೂ ನಾಲ್ವರು ಹಿರಿಯ ನ್ಯಾಯಮೂರ್ತಿಗಳ ಕೊಲಿಜಿಯಂ ಸಿದ್ಧವಾಯಿತು. ಸರ್ಕಾರವು ಒಮ್ಮೆ ಹೆಸರನ್ನು ಹಿಂದಿರುಗಿಸಬಹುದು. ಕೊಲಿಜಿಯಂ ಒಮ್ಮತದಿಂದ ಅದೇ ಹೆಸರನ್ನು ಪುನಃ ಸೂಚಿಸಿದರೆ ಒಪ್ಪಬೇಕು. 2014ರಲ್ಲಿ ಸಂಸತ್ತು ಕಾನೂನು ಮಂತ್ರಿಯೂ ಇಬ್ಬರು ಗಣ್ಯರೂ ಸೇರಿದ ಆರು ಮಂದಿಯ ಆಯೋಗವನ್ನು ರಚಿಸಲು ಸಂವಿಧಾನವನ್ನು ತಿದ್ದಿತು. 2015ರ ಅಕ್ಟೋಬರ್ 16ರಂದು ಸರ್ವೋಚ್ಚ ನ್ಯಾಯಾಲಯವು ಆ ತಿದ್ದುಪಡಿಯನ್ನು ಅಸಿಂಧುಗೊಳಿಸಿತು.

ನ್ಯಾಯಾಧೀಶರೇ ನ್ಯಾಯಾಧೀಶರನ್ನು ಆರಿಸುವ ಈ ಪದ್ಧತಿಗೆ ಬಲವಾದ ಆಕ್ಷೇಪವೂ ಉಂಟು. ಮುಚ್ಚಿದ ಬಾಗಿಲ ಹಿಂದೆ ನಡೆವ ಆಯ್ಕೆಗೆ ಕಾರಣಗಳು ಜನರಿಗೆ ತಿಳಿಯವು. ಅರ್ಹರಾದವರು ಏಕೆ ಉಳಿದುಹೋದರೆಂದು ಕೇಳುವ ಅವಕಾಶವಿಲ್ಲ. 2015ರಲ್ಲಿ ಭಿನ್ನಮತವಿತ್ತ ನ್ಯಾಯಮೂರ್ತಿ ಜೆ. ಚಲಮೇಶ್ವರ್ ಅವರೂ ಈ ಗೋಪ್ಯತೆಯನ್ನು ಖಂಡಿಸಿದರು. 2017ರ ಅಕ್ಟೋಬರಿನಿಂದ ಕೊಲಿಜಿಯಂ ತನ್ನ ನಿರ್ಣಯಗಳನ್ನು ಪ್ರಕಟಿಸತೊಡಗಿತು.

ಹಾಗೆ ಪ್ರಕಟವಾದುದರ ಪ್ರಯೋಜನವನ್ನು ಕೊಡವ ಮನೆತನದ ನ್ಯಾಯಮೂರ್ತಿ ಎ. ಎಸ್. ಬೋಪಣ್ಣನವರ ನೇಮಕದಲ್ಲಿ ಕಾಣಬಹುದು. ಕರ್ನಾಟಕ ಉಚ್ಚ ನ್ಯಾಯಾಲಯದಲ್ಲಿದ್ದು ಅನಂತರ ಗುವಾಹಟಿಯಲ್ಲಿ ಮುಖ್ಯ ನ್ಯಾಯಮೂರ್ತಿಯಾಗಿದ್ದ ಅವರ ಹೆಸರನ್ನು 2019ರ ಏಪ್ರಿಲಿನಲ್ಲಿ ಸರ್ವೋಚ್ಚ ನ್ಯಾಯಾಲಯಕ್ಕೆ ಸೂಚಿಸಲಾಯಿತು, ಸರ್ಕಾರ ಹಿಂದಿರುಗಿಸಿತು. ಮೇ 8ರಂದು ಕೊಲಿಜಿಯಂ ಆ ಹೆಸರನ್ನು ಪುನಃ ಸೂಚಿಸುವಾಗ, ಅವರ ಸಾಮರ್ಥ್ಯ, ನಡತೆ, ಪ್ರಾಮಾಣಿಕತೆಗಳ ವಿಷಯದಲ್ಲಿ ಪ್ರತಿಕೂಲವಾದುದೇನೂ ಕಂಡುಬಂದಿಲ್ಲವೆಂದು ಬರೆಯಿತು. ಮೇ 24ರಂದು ಅವರು ಪ್ರಮಾಣವಚನ ಸ್ವೀಕರಿಸಿದರು. ನಿರ್ಣಯವು ಸರಿಯೋ ತಪ್ಪೋ ಎಂದು ಸಾಮಾನ್ಯ ಪ್ರಜೆಯೂ ಇಲ್ಲಿ ತೂಗಿ ನೋಡಬಹುದು. ಏಕೆಂದರೆ ಕಾರಣಗಳು ಅವನ ಕಣ್ಣೆದುರಿಗಿವೆ. 1973ರಲ್ಲಿ ಮೂವರನ್ನು ಬದಿಗೊತ್ತುವ ಮೊದಲು ಸರ್ಕಾರವು ಹೀಗೆ ಪ್ರತಿಯೊಬ್ಬರ ವಿಷಯದಲ್ಲಿಯೂ ಬರೆದ ಕಾರಣಗಳನ್ನು ಪ್ರಜೆಗಳ ಮುಂದಿಡಬೇಕಾಗಿರಲಿಲ್ಲ.

ಇದುವರೆಗಿನ ವಿವೇಚನೆಯಿಂದ ನಾವು ತಲುಪುವ ಅಭಿಪ್ರಾಯವಿಷ್ಟು. ಆರಿಸುವ ಅಧಿಕಾರವು ಸರ್ಕಾರದಲ್ಲಿದ್ದರೂ ನ್ಯಾಯಾಧೀಶರಲ್ಲಿದ್ದರೂ ಆಯೋಗದಲ್ಲಿದ್ದರೂ ಮೂರು ಕಟ್ಟಳೆಗಳು ಅವಶ್ಯ. ಆಯ್ಕೆಯ ಹಾಗೂ ನಿರಾಕರಣೆಯ ಕಾರಣಗಳನ್ನು ಬರೆದು ಪ್ರಕಟಿಸಬೇಕು. ಸೂಚಿತವಾದ ಹೆಸರನ್ನು ಒಪ್ಪಲು ಅಥವಾ ಹಿಂದಿರುಗಿಸಲು ಕಾಲಮಿತಿಯಿರಬೇಕು. ಕಡತವನ್ನು ಸುಮ್ಮನೆ ಇಟ್ಟುಕೊಳ್ಳುವುದೂ ಒಂದು ಬಗೆಯ ನಿರಾಕರಣೆಯೇ. ತೀರ್ಪಿನ ಕಾರಣಕ್ಕಾಗಿ ಬಡ್ತಿಯನ್ನಾಗಲಿ ವರ್ಗಾವಣೆಯನ್ನಾಗಲಿ ಆಯುಧವಾಗಿ ಬಳಸಲಾಗದಂತೆ ತಡೆಯಿರಬೇಕು. ಈ ಮೂರೂ ಸಿದ್ಧಿಸಿದಲ್ಲಿ, ಗಾಳಿಬೀಡಿನ ಕೃಷಿಕನು ಸರ್ಕಾರದ ವಿರುದ್ಧ ಅರ್ಜಿ ಹಿಡಿದು ನ್ಯಾಯಾಲಯದ ಮೆಟ್ಟಿಲೇರುವಾಗ ಮೊಕದ್ದಮೆಯನ್ನು ಸೋತರೂ ಸೋಲಬಹುದು. ಆದರೆ ತನ್ನ ಮಾತನ್ನು ನಿರ್ಭೀತರಾದವರು ಆಲಿಸಿದರೆಂಬ ವಿಶ್ವಾಸದಿಂದ ಊರಿಗೆ ಮರಳಬಲ್ಲನು.