ಟ್ರೇಲರಿನ ಕಮಾನುಗಳನ್ನು ಉತ್ತಮಪಡಿಸುವ ಕ್ರಮ

ಕಬ್ಬು, ಗೊಬ್ಬರಗಳನ್ನು ಹೊತ್ತ ಟ್ರೇಲರು ಹಳ್ಳತಿಟ್ಟುಗಳ ದಾರಿಯಲ್ಲಿ ಎತ್ತಿ ಹಾಕಿದಾಗ ಆ ಪೆಟ್ಟು ಕೊಂಡಿಯ ಮೂಲಕ ಟ್ರಾಕ್ಟರಿಗೂ ಅದನ್ನು ನಡೆಸುವವನ ಬೆನ್ನಿಗೂ ತಗಲುವುದನ್ನು ಭೂಮಾಲೀಕರು ಬಲ್ಲರು. ಇದಕ್ಕೆ ಪರಿಹಾರವೆಂದು ಅನೇಕರು ಕಮಾನಿಗೆ ಇನ್ನೆರಡು ಪಟ್ಟಿಗಳನ್ನು ಸೇರಿಸುವುದುಂಟು. ನಾಲ್ಕು ಚೀಲ ಹೆಚ್ಚಾಗಿ ಹೇರಬಹುದೆಂಬ ಆಸೆಯೂ ಅದರಲ್ಲಿ ಅಡಗಿರುವುದು. ಪಟ್ಟಿಗಳು ಹೆಚ್ಚಿದಷ್ಟೂ ಕಮಾನು ಬಿರುಸಾಗಿ, ಬರಿದಾದ ಗಾಡಿಯು ಮೊದಲಿಗಿಂತಲೂ ಅಧಿಕವಾಗಿ ಕುಪ್ಪಳಿಸುವುದು. ಅಚ್ಚು, ಬೇರಿಂಗು, ಟೈರುಗಳ ಶಕ್ತಿಯಾದರೋ ಎಳ್ಳಷ್ಟೂ ಹೆಚ್ಚದು.

ಹೊರೆ ಬಿದ್ದಾಗ ಕಮಾನು ಚಪ್ಪಟೆಯಾಗಿ ಉದ್ದವಾಗುವುದು. ಆದುದರಿಂದಲೇ ಅದರ ಒಂದು ತುದಿಯನ್ನು ಸ್ಥಿರವಾಗಿ ಬಂಧಿಸಿ, ಮತ್ತೊಂದನ್ನು ತೂಗಾಡುವ ಶಾಕಲಿಗೆ ಸೇರಿಸಿರುತ್ತಾರೆ. ಶಾಕಲಿನ ಪಿನ್ನು ಧೂಳು, ತುಕ್ಕುಗಳಿಂದ ಬಿಗಿದುಕೊಂಡರೆ ಕಮಾನು ಇದ್ದೂ ಇಲ್ಲದಂತೆಯೇ. ಸವೆದ ಬುಷ್ಷುಗಳನ್ನು ತೆಗೆದು ಕಂಚಿನವುಗಳನ್ನೂ, ಗ್ರೀಸು ತುಂಬಲು ರಂಧ್ರವುಳ್ಳ ಪಿನ್ನುಗಳನ್ನೂ ಹಾಕಿಸುವುದೇ ಅಲ್ಪವ್ಯಯದ ಮೊದಲ ಸುಧಾರಣೆ. ಮುರಿದ ಪಟ್ಟಿಗೆ ಬೆಸುಗೆ ಹಾಕಿಸಕೂಡದು. ಶಾಖದಿಂದ ಉಕ್ಕಿನ ಹದ ಕೆಡುವುದು. ಹೊಸ ಕಮಾನುಗಳನ್ನು ಎರಡು ಪಕ್ಕಗಳಿಗೂ ಒಂದೇ ಅಳತೆಯಲ್ಲಿ ಹಾಕಿಸಿ, ಮೊದಲ ಹೊರೆ ಸಾಗಿಸಿದ ಮೇಲೆ ಯು ಬೋಲ್ಟುಗಳನ್ನು ಪುನಃ ಬಿಗಿಸತಕ್ಕದ್ದು.

ಎರಡು ಚಕ್ರದ ಟ್ರೇಲರಿನಲ್ಲಿ ಹೊರೆಯ ಹಂಚಿಕೆಯು ಪ್ರಾಣಕ್ಕೆ ಸಂಬಂಧಿಸಿದ ವಿಷಯ. ಭಾರವು ಮಿತಿಮೀರಿ ಮುಂದಕ್ಕೆ ಬಿದ್ದರೆ ಟ್ರಾಕ್ಟರಿನ ಮುಂಗಾಲಿಗಳು ಏರಿನಲ್ಲಿ ನೆಲ ಬಿಟ್ಟೇಳಬಹುದು. ಹಿಂದಕ್ಕೆ ಬಿದ್ದರೆ ಕೊಂಡಿಯು ಮೇಲಕ್ಕೆ ಜಗ್ಗಿ ಹಿಂಗಾಲಿಗಳ ಹಿಡಿತ ತಪ್ಪುವುದು. ಎಂತಹ ಕಮಾನೂ ಈ ದೋಷವನ್ನು ನೀಗಲಾರದು.

ಈ ದುರಸ್ತಿಗಳನ್ನು ಕಬ್ಬು ಕಡಿಯುವ ಕಾಲಕ್ಕೆ ಮೊದಲೇ, ಗಾಡಿಗೆ ಬಿಡುವಿರುವಾಗ, ಮಾಡಿಸಿಕೊಳ್ಳುವುದು ಲೇಸು.