ಗಣಿಗೆ ಬೀಗ ಬಿತ್ತು, ಎದೆಯ ಧೂಳು ಹಾಗೇ ಉಳಿಯಿತು

ಕೋಲಾರದ ಚಿನ್ನದ ಗಣಿಗೆ 2001ರ ಫೆಬ್ರವರಿ 28ರಂದು ಬೀಗ ಬಿತ್ತು. ಶಾಫ್ಟಿನ ಗಾಲಿಗಳು ನಿಂತವು. ನೂರಿಪ್ಪತ್ತು ವರ್ಷ ನಡೆದ ಕಸುಬು ಒಂದೇ ದಿನಕ್ಕೆ ಮುಗಿಯಿತು. ಆದರೆ ಒಂದು ಕೆಲಸ ಮಾತ್ರ ಇನ್ನೂ ನಿಂತಿಲ್ಲ. ಭೂಮಿಯೊಳಗೆ ದುಡಿದವರ ಎದೆಯಲ್ಲಿ ಆ ಕಲ್ಲಿನ ಧೂಳು ಇವತ್ತಿಗೂ ಕೆಲಸ ಮಾಡುತ್ತಲೇ ಇದೆ. ಅದಕ್ಕೆ ಪಾಳಿಯಿಲ್ಲ, ರಜೆಯಿಲ್ಲ, ಸ್ವಯಂ ನಿವೃತ್ತಿಯೂ ಇಲ್ಲ.

ಗಣಿ ಮುಚ್ಚಿದಾಗ ನಲವತ್ತರ ಪ್ರಾಯದಲ್ಲಿದ್ದವರು ಈಗ ಅರವತ್ತು ದಾಟಿದ್ದಾರೆ. ರಾತ್ರಿಯಾದರೆ ಕೆಮ್ಮು, ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು. "ತಾತನಿಗೆ ದಮ್ಮು, ವಯಸ್ಸಾಯ್ತಲ್ಲ" ಅಂತ ಮನೆಯವರು ಅಂದುಕೊಳ್ತಾರೆ. "ಈ ಕೆಮ್ಮು ನನಗೆ ಹೊಸದಾ?" ಅಂತ ತಾತನೂ ಸುಮ್ಮನಾಗ್ತಾರೆ. ಮೋಸ ಇರೋದು ಇಲ್ಲೇ. ಹಳೇ ಕೆಮ್ಮಿನ ಮರೆಯಲ್ಲಿ ಹೊಸದಾಗಿ ಕ್ಷಯ ಬಂದು ಕೂತರೆ ಯಾರಿಗೂ ಗೊತ್ತಾಗುವುದಿಲ್ಲ.

ಗಣಿ ಧೂಳಿಗೂ ಕ್ಷಯಕ್ಕೂ ಏನು ನಂಟು? ಒಂದು ಕಲ್ಲು, ಇನ್ನೊಂದು ಕ್ರಿಮಿ. ನಂಟು ಇರುವುದು ಶ್ವಾಸಕೋಶದ ಕಾವಲುಗಾರನಲ್ಲಿ.

ಎದೆಯೊಳಗಿನ ಕಾವಲು

ನಾವು ಎಳೆದುಕೊಳ್ಳುವ ಗಾಳಿಗೆ ದಾರಿಯುದ್ದಕ್ಕೂ ತಪಾಸಣೆ ಉಂಟು. ದಪ್ಪ ಧೂಳನ್ನು ಮೂಗಿನ ಕೂದಲು ತಡೆಯುತ್ತದೆ. ಅದನ್ನು ದಾಟಿ ಬಂದದ್ದು ಶ್ವಾಸನಾಳದ ಲೋಳೆಗೆ ಅಂಟುತ್ತದೆ. ಅಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ರೋಮಗಳಿವೆ. ಅವು ಹಗಲು ರಾತ್ರಿ ಆ ಲೋಳೆಯನ್ನು ಗಂಟಲ ಕಡೆಗೆ ಗುಡಿಸುತ್ತಿರುತ್ತವೆ. ಕೆಮ್ಮಿದರೆ ಕಫವಾಗಿ ಹೊರಗೆ ಬರುವುದು ಅದೇ.

ಇಷ್ಟನ್ನೂ ತಪ್ಪಿಸಿಕೊಂಡು ಒಳಗೆ ನುಗ್ಗುವುದು ಐದು ಮೈಕ್ರಾನಿಗಿಂತ ಸಣ್ಣ ಕಣ. ಅಂದರೆ ತಲೆಗೂದಲಿನ ದಪ್ಪದ ಹತ್ತನೇ ಒಂದು ಪಾಲಿಗಿಂತಲೂ ಕಡಿಮೆ. ಅಂಥ ಕಣ ಶ್ವಾಸಕೋಶದ ಕೊಟ್ಟಕೊನೆಯ ಗಾಳಿಚೀಲದ ತನಕ ಹೋಗುತ್ತದೆ. ಅಲ್ಲಿ ಗುಡಿಸುವ ರೋಮಗಳಿಲ್ಲ. ಅಲ್ಲಿರುವುದು ಮ್ಯಾಕ್ರೋಫೇಜ್ ಎಂಬ ಕಾವಲು ಕಣ. ಅದರ ಕೆಲಸ ನುಂಗುವುದು. ಹೊರಗಿನದು ಏನೇ ಬರಲಿ, ಕ್ರಿಮಿಯಾಗಲಿ ಹೊಗೆಯ ಮಸಿಯಾಗಲಿ, ನುಂಗಿ ತನ್ನೊಳಗಿನ ಚೀಲಗಳಲ್ಲಿರುವ ಹುಳಿರಸದಲ್ಲಿ ಕರಗಿಸಲು ನೋಡುತ್ತದೆ. ನಮ್ಮ ನಿಮ್ಮೆಲ್ಲರ ಎದೆಯಲ್ಲೂ ಈ ಕೆಲಸ ಈ ಕ್ಷಣ ನಡೆಯುತ್ತಿದೆ.

ಬಾಯಲ್ಲಿ ಬಿಸಿತುಪ್ಪ

ಕೋಲಾರದ ಚಿನ್ನ ಇದ್ದದ್ದು ಬೆಣಚುಕಲ್ಲಿನ ಪಟ್ಟಿಯಲ್ಲಿ. ಬೆಣಚುಕಲ್ಲು ಅಂದರೆ ಸಿಲಿಕಾ. ಡ್ರಿಲ್ ಹಾಕಿದಾಗ, ಮದ್ದು ಸಿಡಿಸಿದಾಗ ಏಳುವ ನುಣುಪು ಧೂಳನ್ನು ಕಾವಲು ಕಣ ಎಂದಿನಂತೆ ನುಂಗುತ್ತದೆ. ಆದರೆ ಕಲ್ಲು ಕರಗಬೇಕಲ್ಲ? ಬಿಸಿತುಪ್ಪದ ಹಾಗೆ, ನುಂಗೋಕೂ ಆಗಲ್ಲ, ಉಗುಳೋಕೂ ಆಗಲ್ಲ. ಕಡೆಗೆ ಹುಳಿರಸದ ಚೀಲವೇ ಒಡೆದು ಕಾವಲು ಕಣ ಸಾಯುತ್ತದೆ. ಒಳಗಿದ್ದ ಕಲ್ಲಿನ ಚೂರು ಮತ್ತೆ ಹೊರಗೆ. ಅದನ್ನು ನುಂಗಲು ಇನ್ನೊಂದು ಕಾವಲು ಕಣ ಬರುತ್ತದೆ, ಅದೂ ಸಾಯುತ್ತದೆ. ಸತ್ತ ಜಾಗದಲ್ಲೆಲ್ಲ ಊತ, ಊತದ ಮೇಲೆ ಗಾಯದ ಕಲೆಯಂಥ ಗಟ್ಟಿ ಗಂಟುಗಳು. ಇದೇ ಸಿಲಿಕೋಸಿಸ್. ಧೂಳಿನ ಕೆಲಸ ಬಿಟ್ಟು ಹತ್ತಿಪ್ಪತ್ತು ವರ್ಷವಾದರೂ ಇದು ಬೆಳೆಯುತ್ತಲೇ ಹೋಗಬಹುದು. ಕಲ್ಲಿನ ಚೂರು ಒಳಗೇ ಇರುತ್ತದಲ್ಲ.

ಈಗ ಕ್ಷಯದ ಕ್ರಿಮಿಯ ಕಡೆ ಬನ್ನಿ. ಅದೂ ಗಾಳಿಯಲ್ಲೇ ಬಂದು ಅದೇ ಗಾಳಿಚೀಲದಲ್ಲಿ ಇಳಿಯುತ್ತದೆ. ಕಾವಲು ಕಣ ನುಂಗಿದರೂ ಅದರ ಹೊಟ್ಟೆಯಲ್ಲೇ ಬಾಡಿಗೆಗೆ ಇರುವ ಖದೀಮ ಕ್ರಿಮಿ ಇದು. ಗಟ್ಟಿಮುಟ್ಟಾದ ಕಾವಲು ಇದ್ದರೆ ರಕ್ತದ ಬಿಳಿ ಕಣಗಳ ನೆರವಿನಿಂದ ಅದನ್ನು ಸುತ್ತುಗಟ್ಟಿ ವರ್ಷಗಟ್ಟಲೆ ಬಂದಿಯಾಗಿಡುತ್ತದೆ. ನಮ್ಮಲ್ಲಿ ಬಹಳ ಜನರ ಮೈಯಲ್ಲಿ ಅದು ಹೀಗೆ ಬಂದಿಯಾಗಿಯೇ ಇರುತ್ತದೆ, ರೋಗ ಏಳುವುದಿಲ್ಲ. ಆದರೆ ಕಲ್ಲು ನುಂಗಿ ಸೋತ ಕಾವಲು ಯಾರನ್ನು ಬಂಧಿಸೀತು? ಸಿಲಿಕೋಸಿಸ್ ಇದ್ದವರಿಗೆ ಕ್ಷಯ ಏಳುವ ಸಂಭವ ಉಳಿದವರಿಗಿಂತ ಮೂರು ಪಟ್ಟು, ಕೆಲವು ಕಡೆ ಅದಕ್ಕೂ ಎಷ್ಟೋ ಹೆಚ್ಚು ಎನ್ನುವುದು ಇದೇ ಕಾರಣಕ್ಕೆ.

ಇದರ ಮೇಲೆ ಬೀಡಿ ಸೇದಿದರೆ ಗುಡಿಸುವ ರೋಮಗಳೂ ಮಂಕಾಗುತ್ತವೆ. ದಮ್ಮಿಗೆ ಅಂತ ಅಂಗಡಿಯಿಂದ ತಾವೇ ಸ್ಟೀರಾಯ್ಡ್ ಮಾತ್ರೆ ತಂದು ನುಂಗುವವರೂ ಇದ್ದಾರೆ. ಎರಡು ದಿನ ಉಸಿರು ಹಗುರಾಗುತ್ತದೆ ನಿಜ. ಆದರೆ ದಿನಗಟ್ಟಲೆ ನುಂಗಿದರೆ ಅಳಿದುಳಿದ ಕಾವಲೂ ಮಲಗಿಬಿಡುತ್ತದೆ.

ಹಳೇ ಲೆಕ್ಕ

ಇದೆಲ್ಲ ಹೊಸ ಸಂಗತಿಯಲ್ಲ. ಮೈಸೂರು ಸಂಸ್ಥಾನ 1940ರಲ್ಲೇ ಸಿಲಿಕೋಸಿಸ್ ನಿಯಮ ತಂದು, ಇದನ್ನು ಪರಿಹಾರ ಕೊಡಬೇಕಾದ ರೋಗವೆಂದು ಒಪ್ಪಿಕೊಂಡಿತ್ತು. 1940ರಿಂದ 46ರ ತನಕ ನಮ್ಮ ಗಣಿಯಲ್ಲಿ 7,600ಕ್ಕೂ ಹೆಚ್ಚು ಕಾರ್ಮಿಕರನ್ನು ಪರೀಕ್ಷಿಸಿದಾಗ ನೂರಕ್ಕೆ 40ಕ್ಕಿಂತ ಹೆಚ್ಚು ಮಂದಿಯ ಎದೆಯಲ್ಲಿ ಈ ರೋಗ ಕಂಡಿತ್ತು. ಗಣಿ ನಡೆಯುವಾಗ ಕಂಪೆನಿ ಡಾಕ್ಟರರಾದರೂ ಇದ್ದರು. ಗಣಿ ಮುಚ್ಚಿದ ಮೇಲೆ ಕೆಲಸ ಹೋಯಿತು, ಕೆಲಸದ ಜೊತೆ ಬರುತ್ತಿದ್ದ ತಪಾಸಣೆಯೂ ಹೋಯಿತು.

ನಮ್ಮಂತೆಯೇ ಚಿನ್ನ ಅಗೆದ ದಕ್ಷಿಣ ಆಫ್ರಿಕಾದಲ್ಲಿ ಹಳೇ ಗಣಿಗಾರರು ಕೋರ್ಟು ಹತ್ತಿದರು. 2019ರಲ್ಲಿ ಜೋಹಾನ್ಸ್‌ಬರ್ಗಿನ ಹೈಕೋರ್ಟು ಒಪ್ಪಿದ ರಾಜಿಯಲ್ಲಿ ಸಿಲಿಕೋಸಿಸ್ ಜೊತೆಗೆ ಕ್ಷಯಕ್ಕೂ ಪರಿಹಾರ ಸೇರಿತು. ಅಂದರೆ ಎರಡೂ ಅಣ್ಣತಮ್ಮಂದಿರು ಅಂತ ಅಲ್ಲಿ ಒಪ್ಪಿಕೊಂಡ ಹಾಗಾಯಿತು.

ಕೇಳಬೇಕಾದ ಪ್ರಶ್ನೆ

ಹಾಗಾದರೆ ಮಾಡೋದೇನು? ಸಿಲಿಕೋಸಿಸ್ ವಾಸಿ ಮಾಡುವ ಮದ್ದು ಇಲ್ಲ. ಆದರೆ ಕ್ಷಯಕ್ಕೆ ಇದೆ, ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆಯಾಗಿ ಇದೆ. ಸಾಮಾನ್ಯ ಕ್ಷಯಕ್ಕೆ ಆರು ತಿಂಗಳ ಔಷಧ. ಎದೆಯಲ್ಲಿ ಧೂಳಿನ ಗಂಟು ಇದ್ದವರಿಗೆ ಡಾಕ್ಟರು ಇನ್ನೂ ಕೆಲವು ತಿಂಗಳು ಮುಂದುವರಿಸಬೇಕಾಗಬಹುದು. ಚಿಕಿತ್ಸೆಯ ಕಾಲದಲ್ಲಿ ಊಟೋಪಚಾರಕ್ಕೆ ಸರ್ಕಾರ ಕೊಡುವ ಹಣ 2024ರ ನವೆಂಬರಿನಲ್ಲಿ ತಿಂಗಳಿಗೆ 500ರಿಂದ 1,000 ರೂಪಾಯಿಗೆ ಏರಿತು. ರೋಗ ಏಳುವ ಮೊದಲೇ ತಡೆಯುವ ಚಿಕಿತ್ಸೆಯೂ ಇದೆ. ಅದಕ್ಕಾಗಿ ಪರೀಕ್ಷಿಸಬೇಕಾದವರ ಪಟ್ಟಿಗೆ 2021ರ ರಾಷ್ಟ್ರೀಯ ಮಾರ್ಗಸೂಚಿ ಸಿಲಿಕೋಸಿಸ್ ರೋಗಿಗಳನ್ನೂ ಸೇರಿಸಿದೆ.

ಎಲ್ಲ ಇದ್ದೂ ಎಡವುವುದು ಒಂದೇ ಕಡೆ. ಎಕ್ಸ್‌ರೇಯಲ್ಲಿ ಹಳೇ ಗಂಟುಗಳ ನಡುವೆ ಹೊಸ ಕ್ಷಯ ಕಾಣುವುದು ಕಷ್ಟ. ಕಫದ ಮಾಮೂಲಿ ಪರೀಕ್ಷೆಯಲ್ಲೂ ಅದು ತಪ್ಪಿಸಿಕೊಳ್ಳಬಹುದು. ಆದ್ದರಿಂದ ಡಾಕ್ಟರು ಮೊದಲು ಕೇಳಬೇಕಾದ ಮಾತು, "ಯಜಮಾನ್ರೇ, ಏನು ಕೆಲಸ ಮಾಡ್ತಿದ್ರಿ?" ಅವರು ಕೇಳದಿದ್ದರೆ ನೀವೇ ಹೇಳಿ: "ಸಾರ್, ನಾನು ಇಷ್ಟು ವರ್ಷ ಅಂಡರ್‌ಗ್ರೌಂಡಿನಲ್ಲಿದ್ದೆ." ಹಾಗೆ ಹೇಳಿದರೆ ಕಫವನ್ನು ಜೀನ್ ಪರೀಕ್ಷೆಯ ಯಂತ್ರಕ್ಕೂ ಹಾಕಿಸಲು ದಾರಿಯಾಗುತ್ತದೆ. ಎರಡು ವಾರ ಬಿಡದ ಕೆಮ್ಮು, ಸಂಜೆ ಜ್ವರ, ರಾತ್ರಿ ಬೆವರು, ತೂಕ ಇಳಿಯೋದು, ಕಫದಲ್ಲಿ ರಕ್ತ, ಇವುಗಳಲ್ಲಿ ಒಂದು ಕಂಡರೂ "ಹಳೇ ದಮ್ಮು" ಅಂತ ಕೂರಬೇಡಿ.

ಮುಂದಿನ ಸರದಿ ಯಾರದು?

ಈ ಮಾತು ಮುದುಕರಿಗೆ ಮಾತ್ರವಲ್ಲ. ಜಿಲ್ಲೆಯ ಕ್ವಾರಿಗಳಲ್ಲಿ, ಕ್ರಷರ್‌ಗಳಲ್ಲಿ ಮುಖಕ್ಕೆ ಕರ್ಚೀಫು ಕಟ್ಟಿ ದುಡಿಯುವ ಹುಡುಗರೂ ಇದೇ ಸಿಲಿಕಾ ಕುಡಿಯುತ್ತಿದ್ದಾರೆ. ಐದು ಮೈಕ್ರಾನಿನ ಕಣಕ್ಕೆ ಕರ್ಚೀಫು ಯಾವ ಲೆಕ್ಕ? ಅದಕ್ಕೆ ಬೇಕಾದ್ದು ನೀರು ಹಾಯಿಸಿ ಕೊರೆಯುವುದು, ಧೂಳು ಹೀರುವ ಯಂತ್ರ, ಸರಿಯಾದ ಮಾಸ್ಕು.

ಇನ್ನು ನಮ್ಮ ಸೈನೈಡ್ ಗುಡ್ಡಗಳು. ಕಲ್ಲನ್ನು ಹಿಟ್ಟಾಗಿ ಅರೆದು ಚಿನ್ನ ತೆಗೆದು ಸುರಿದ ಮಣ್ಣದು. ಬಿರುಗಾಳಿ ಬೀಸಿದರೆ ಊರೊಳಗಿನ ಬಟ್ಟೆ, ಪಾತ್ರೆ, ಅನ್ನದ ಮೇಲೆಲ್ಲ ಬಂದು ಕೂರುತ್ತದೆ. ಅದರಲ್ಲಿ ಉಳಿದ ಚಿನ್ನ ತೆಗೆಯಲು 13 ಗುಡ್ಡಗಳನ್ನು ಹರಾಜಿಗಿಡುವ ಕೇಂದ್ರದ ಪ್ರಸ್ತಾವಕ್ಕೆ ರಾಜ್ಯ ಸಚಿವ ಸಂಪುಟ 2024ರ ಜೂನಿನಲ್ಲಿ ಒಪ್ಪಿಗೆ ಕೊಟ್ಟಿತು. ಊರಿಗೆ ಕೆಲಸ ಬರುವುದಾದರೆ ಬೇಡ ಅನ್ನುವವರು ಯಾರು? ಆದರೆ ಗುಡ್ಡಕ್ಕೆ ಗುದ್ದಲಿ ಹಾಕುವ ಮುಂಚೆ ಧೂಳು ಏಳದ ಹಾಗೆ ಏರ್ಪಾಟು ಏನು ಅಂತ ಊರ ಜನಕ್ಕೆ ಹೇಳಬೇಕು.

ಜಿಲ್ಲಾ ಆರೋಗ್ಯ ಇಲಾಖೆಯವರಲ್ಲಿ ಕೇಳುವುದು ದೊಡ್ಡದೇನಲ್ಲ. ಹಳೇ ಗಣಿ ಕಾರ್ಮಿಕರ ಪಟ್ಟಿ ಹಿಡಿದು, ಲೈನಿಗೆ ಒಂದು ದಿನ ಅಂತ ಗೊತ್ತುಮಾಡಿ, ಎಕ್ಸ್‌ರೇ ವಾಹನ ತಂದು ನಿಲ್ಲಿಸಲಿ. ಅಲ್ಲೇ ಕಫವನ್ನೂ ತೆಗೆದುಕೊಂಡು ಹೋಗಲಿ. ಏದುಸಿರು ಬಿಡುವ ಮುದುಕರು ಬಸ್ಸು ಹತ್ತಿ ಕೋಲಾರದ ತನಕ ಬರುವುದು ಹೇಗೆ? ಭೂಮಿಯೊಳಗೆ ಮೂರು ಕಿಲೋಮೀಟರ್ ಇಳಿದು ದೇಶಕ್ಕೆ ಚಿನ್ನ ತಂದುಕೊಟ್ಟವರು ಅವರು. ಅವರ ಬಾಗಿಲ ತನಕ ಒಂದು ವ್ಯಾನು ಬರಬಾರದೇ?