ಗೋಡೆಗೇರಿದ ಮಿಸಿಸಿಪ್ಪಿ

ದೂರದಿಂದ ನೋಡಿದರೆ ಯಾರೋ ಬಣ್ಣಬಣ್ಣದ ರಿಬ್ಬನ್‌ಗಳನ್ನು ಒಂದರ ಮೇಲೊಂದು ಎಸೆದು ಹೋದಂತೆ ಕಾಣುತ್ತದೆ. ಒಂದು ಸುರುಳಿ ಇನ್ನೊಂದನ್ನು ಕತ್ತರಿಸಿ ಮುಂದೆ ಸಾಗುತ್ತದೆ. ನವ್ಯ ಕಲಾವಿದನೊಬ್ಬನ ಕೈಚಳಕವಿರಬೇಕು ಎಂದುಕೊಂಡು ಹತ್ತಿರ ಹೋದರೆ ಅಲ್ಲಿ ಊರುಗಳ ಹೆಸರು! ಅಮೆರಿಕದಲ್ಲಿ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕುವ ಈ ಚಿತ್ರ ಅಸಲಿಗೆ 1944ರ ಸರ್ಕಾರಿ ವರದಿಯೊಂದರ ಹಾಳೆ.

1927ರಲ್ಲಿ ಮಿಸಿಸಿಪ್ಪಿ ಉಕ್ಕಿ ಹರಿದಾಗ ಲಕ್ಷಾಂತರ ಜನ ಮನೆಮಾರು ಬಿಟ್ಟು ಓಡಬೇಕಾಯಿತು. ನದಿಯನ್ನು ಅಂಕೆಯಲ್ಲಿಡುವ ಹೊಣೆ ಸೇನೆಯ ಎಂಜಿನಿಯರುಗಳದು. ಕಟ್ಟಿಹಾಕಬೇಕಾದರೆ ಮೊದಲು ಅದರ ಚಾಳಿ ತಿಳಿಯಬೇಕಲ್ಲ? ಆ ಕೆಲಸ ಲೂಯಿಸಿಯಾನ ಸ್ಟೇಟ್ ಯೂನಿವರ್ಸಿಟಿಯ ಭೂವಿಜ್ಞಾನಿ ಹೆರಾಲ್ಡ್ ಫಿಸ್ಕ್ ಅವರ ಪಾಲಿಗೆ ಬಂತು. ವಿಮಾನದಿಂದ ತೆಗೆದ ಛಾಯಾಚಿತ್ರಗಳು, ಹಳೆಯ ನಕ್ಷೆಗಳು, ನೆಲ ಕೊರೆದು ತೆಗೆದ ಸುಮಾರು 16 ಸಾವಿರ ಮಣ್ಣಿನ ಮಾದರಿಗಳು ಅವರಿಗೆ ಆಧಾರವಾದವು. ಮೂರು ವರ್ಷಗಳ ದುಡಿಮೆಯಲ್ಲಿ ಮೂಡಿದ್ದು 15 ಹಾಳೆಗಳ ನಕ್ಷೆ.

ಸಮತಟ್ಟಾದ ಮೆಕ್ಕಲು ಬಯಲಿನಲ್ಲಿ ನದಿ ನೆಟ್ಟಗೆ ಹರಿಯುವುದಿಲ್ಲ. ತಿರುವಿನ ಹೊರದಂಡೆಗೆ ನೀರು ರಭಸದಿಂದ ಬಡಿದು ಮಣ್ಣನ್ನು ಕೊರೆಯುತ್ತದೆ. ಒಳದಂಡೆಯಲ್ಲಿ ವೇಗ ಕಡಿಮೆ. ಅಲ್ಲಿ ಮರಳು ಕೂರುತ್ತದೆ. ಹೀಗೆ ತಿರುವು ಹಿಗ್ಗುತ್ತ ಅದರ ಕುತ್ತಿಗೆ ಕಿರಿದಾಗಿ, ಒಂದು ದಿನ ನದಿ ಅದನ್ನು ಸೀಳಿಕೊಂಡು ಹೊರಟುಬಿಡುತ್ತದೆ. ಹಿಂದೆ ಉಳಿದ ಸುತ್ತು ಕುದುರೆಲಾಳದ ಆಕಾರದ ಸರೋವರವಾಗುತ್ತದೆ. ಪಠ್ಯಪುಸ್ತಕದ ಅರ್ಧ ಪುಟ ಓದಿ ಬಾಯಿಪಾಠ ಮಾಡುವ ಈ ಸಂಗತಿ ಫಿಸ್ಕ್‌ರ ಒಂದು ಹಾಳೆ ನೋಡಿದರೆ ಮರೆಯುವಂತಿಲ್ಲ. ಬಿಳಿ ಪಟ್ಟಿ 1944ರ ನದಿ. 1880, 1820, 1765ರ ಪಾತ್ರಗಳಿಗೆ ಒಂದೊಂದು ಬಣ್ಣ. ಉಳಿದ ಬಣ್ಣಗಳೆಲ್ಲ ಅದಕ್ಕೂ ಹಿಂದೆ, ಸಾವಿರಾರು ವರ್ಷಗಳಲ್ಲಿ ನದಿ ಹಿಡಿದು ಬಿಟ್ಟ ಹಾದಿಗಳು.

ವಿಕ್ಸ್‌ಬರ್ಗ್ ಪಟ್ಟಣದ ಕಥೆ ಕೇಳಿ. ಅಮೆರಿಕದ ಅಂತರ್ಯುದ್ಧದಲ್ಲಿ ಕೋಟೆಯ ಫಿರಂಗಿಗಳಿಗೆ ಸಿಗದೆ ಹಡಗು ಸಾಗಿಸಲೆಂದು ಜನರಲ್ ಗ್ರಾಂಟ್ 1863ರಲ್ಲಿ ಊರಿನೆದುರಿನ ತಿರುವಿನ ಕುತ್ತಿಗೆಗೆ ಅಡ್ಡಲಾಗಿ ಕಾಲುವೆ ತೋಡಿಸಿ ಸೋತ. ಹದಿಮೂರು ವರ್ಷಗಳ ನಂತರ, 1876ರಲ್ಲಿ, ನದಿ ತಾನಾಗಿಯೇ ಆ ಕುತ್ತಿಗೆಯನ್ನು ಕತ್ತರಿಸಿತು. ಹಡಗುಗಳನ್ನೇ ನಂಬಿದ್ದ ಊರಿನ ಮುಂದೆ ನದಿಯೇ ಇಲ್ಲ! 1903ರಲ್ಲಿ ಯಾಜೂ ಎಂಬ ಇನ್ನೊಂದು ನದಿಯನ್ನು ತಿರುಗಿಸಿ ತಂದ ಮೇಲೆ ಬಂದರಿಗೆ ಮತ್ತೆ ನೀರು ಬಂತು.

ನಕ್ಷೆಯಲ್ಲಿ ಕೊರತೆಯೂ ಇದೆ. ಇಂಗಾಲದ ವಿಕಿರಣದಿಂದ ಕಾಲ ಗುರುತಿಸುವ ವಿಧಾನ ಆಗಿನ್ನೂ ಬಂದಿರಲಿಲ್ಲ. ಯಾವ ಪಾತ್ರ ಯಾವುದನ್ನು ಕತ್ತರಿಸಿದೆ ಎಂದು ನೋಡಿ ಫಿಸ್ಕ್ ಹಿಂದುಮುಂದು ನಿರ್ಧರಿಸಿದರು. ಅವರು ಕೊಟ್ಟ ಕಾಲಮಾನವನ್ನು ಮುಂದಿನ ಸಂಶೋಧಕರು ಬಹುಮಟ್ಟಿಗೆ ತಿದ್ದಿದ್ದಾರೆ. ನದಿ ಅಲೆದದ್ದಂತೂ ಸುಳ್ಳಲ್ಲ.

ಅಮೆರಿಕದ ಸರ್ಕಾರಿ ಕೃತಿಯಾದ್ದರಿಂದ ಅಲ್ಲಿ ಇದಕ್ಕೆ ಹಕ್ಕುಸ್ವಾಮ್ಯದ ತೊಡಕಿಲ್ಲ. ಯಾರು ಬೇಕಾದರೂ ಮುದ್ರಿಸಬಹುದು. ಮಕ್ಕಳ ಓದುವ ಕೋಣೆಗೆ ಹಾಕಿಸುವ ತಂದೆತಾಯಿಯರು ಬಣ್ಣಗಳ ಅರ್ಥ ಹೇಳುವ ಸೂಚಿಯನ್ನು ಕತ್ತರಿಸದಂತೆ ನೋಡಿಕೊಳ್ಳುವುದು ಒಳ್ಳೆಯದು. ಅದಿಲ್ಲದಿದ್ದರೆ ಉಳಿಯುವುದು ಬರಿಯ ವಾಲ್‌ಪೇಪರ್.

ಫಿಸ್ಕ್ ಅಲ್ಲಿಗೇ ನಿಲ್ಲಲಿಲ್ಲ. ಸಮುದ್ರಕ್ಕೆ ಹತ್ತಿರದ ದಾರಿಯಾದ ಅಚಾಫಲಾಯ ನದಿಯ ಕಡೆಗೆ ಮಿಸಿಸಿಪ್ಪಿ ಹೊರಳುತ್ತಿದೆ ಎಂದು 1952ರ ವರದಿಯಲ್ಲಿ ಎಚ್ಚರಿಸಿದರು. ಹಾಗಾದರೆ ಬ್ಯಾಟನ್ ರೂಜ್, ನ್ಯೂ ಆರ್ಲಿಯನ್ಸ್ ಬಂದರುಗಳ ಗತಿ? 1963ರಲ್ಲಿ ಓಲ್ಡ್ ರಿವರ್ ಎಂಬಲ್ಲಿ ತೂಬುಗಳ ಅಣೆ ಸಿದ್ಧವಾಯಿತು. ಶೇಕಡಾ 30 ಪಾಲು ನೀರು ಅಚಾಫಲಾಯಕ್ಕೆ, ಉಳಿದದ್ದು ಹಳೆಯ ಹಾದಿಗೆ ಎಂದು ಲೆಕ್ಕ. 1973ರ ಪ್ರವಾಹ ಆ ಕಟ್ಟಡದ ಬುಡವನ್ನೇ ಕೊರೆದು ಪಕ್ಕದ ಗೋಡೆಯೊಂದನ್ನು ಉರುಳಿಸಿತು. 1986ರಲ್ಲಿ ಅದರ ನೆರವಿಗೆ ಇನ್ನೊಂದನ್ನು ಕಟ್ಟಬೇಕಾಯಿತು.